ನಾಲ್ವರಿಗೂ ಕಾಲು

ಇದು ನಡೆದ ಕಥೆ. ನಾಲ್ಕು ಕಾಲಿರುವ ಕಥೆ ನಡೆಯದೆ ಇನ್ನೇನು ಮಾಡೀತು. ನಂಬಿಕೆ ಬಾರದವರು ಆ ಬಡಗಿಯನ್ನು ಕೇಳಿ ನೋಡಬಹುದು, ಅವನು ಈಗಲೂ ಯಾರ ಫೋನು ಬಂದರೂ "ಮಾತಾಡ್ತಿರೋದು ನೀವು ನೀವೇನಾ?" ಎಂದು ಒಮ್ಮೆ ಕೇಳಿಯೇ ಮುಂದಿನ ಮಾತಿಗೆ ಹೋಗುತ್ತಾನೆ.

ಕಾಲುಗಳು ಒಂದು ಮೇಜಿನವು, ಮೇಜು ಗಿಣಿಯ ಅಪ್ಪನದು. ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನವರು. ಊರಿನ ಗುಟ್ಟುಗಳು ಬೇರೆಯವರ ಬಾಯಲ್ಲಿ ರಟ್ಟಾದರೆ ಪುಸ್ತಕಗಳು ಅಪ್ಪನ ಕೈಯಲ್ಲಿ ರಟ್ಟಾಗುತ್ತಿದ್ದವು. ಬಾಡಿಗೆ ಮನೆಯ ಮುಂದಿನ ಕೋಣೆಯನ್ನು ಆ ಮೇಜು ಇಡಿಯಾಗಿ ನುಂಗಿಕೊಂಡಿತ್ತು. ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕು ಬೆರಳು ದಪ್ಪದ ಹಲಗೆ. ಆನೆಮರಿಯ ಅಳತೆ ತೆಗೆದುಕೊಂಡು ಮಾಡಿಸಿದಂಥ ಕಾಲುಗಳು. ಹಲಗೆಯ ತುಂಬ ಚಾಕುವಿನ ಗೀರು, ಒಂದು ಮೂಲೆಯಲ್ಲಿ ಬಿಸಿ ಅಂಟಿನ ಪಾತ್ರೆ ಸುಟ್ಟ ಕಪ್ಪು ಬಳೆ. ಮನೆಗೆ ಬಂದವರು ಎಡಕ್ಕೋ ಬಲಕ್ಕೋ ಹೊಟ್ಟೆ ಒಳಗೆಳೆದುಕೊಂಡೇ ಅದನ್ನು ದಾಟಬೇಕಿತ್ತು. ಅಂಟು ಒಣಗಲೆಂದು ಪುಸ್ತಕಗಳನ್ನು ಭಾರದ ಕೆಳಗಿಟ್ಟಾಗ ಮಕ್ಕಳು ಮೇಜಿಗೆ ಒರಗಿದರೆ ಅಪ್ಪ, "ಮೆಲ್ಲಗ್ರೋ, ಪುಸ್ತಕ ಮಲಗಿದೆ" ಎನ್ನುತ್ತಿದ್ದರು. ಅಪ್ಪನ ನಾಲ್ಕು ಮಕ್ಕಳೂ ಎದ್ದು ನಿಲ್ಲುವುದನ್ನು ಕಲಿತದ್ದು ಅದೇ ಮೇಜಿನ ಕಾಲು ಹಿಡಿದು.

ನಾಲ್ವರಲ್ಲಿ ಕೊನೆಯವಳು ಗಿಣಿ. ಕೇಳಿದ್ದನ್ನು ಕೇಳಿದ ಧ್ವನಿಯಲ್ಲೇ ತಿರುಗಿ ಒಪ್ಪಿಸುತ್ತಿದ್ದಳೆಂದು ಮನೆಯವರು ಇಟ್ಟ ಹೆಸರು. ಏಳನೇ ವಯಸ್ಸಿಗೆ ಗೋಡೆಯಾಚೆ ನಿಂತು ಹೆಡ್‌ಮೇಡಮ್ಮನ ಗಂಟಲಲ್ಲಿ "ಇವತ್ತಿಗೆ ಸಾಕು, ಸಾಲಾಗಿ ಹೋಗಿ" ಎಂದು ಇಡೀ ಶಾಲೆಯನ್ನು ಅರ್ಧ ಗಂಟೆ ಮುಂಚೆ ಬಿಡಿಸಿದವಳು. ಕಾಲೇಜು ಮುಗಿಸಿ ಬಂದಾಗ, ಅಲ್ಲಿ ಏನು ಕಲಿತೆ ಎಂದು ನೆಂಟರು ಕೇಳಿದರೆ, "ಕಾಲು, ಮೇಜು ಎರಡೂ ಸೇರಿದ್ರೆ ಕಾಲೇಜು. ನಾನು ಕಲಿತದ್ದೆಲ್ಲ ಅಪ್ಪನ ಮೇಜಿನ ಕೆಳಗೇ" ಎನ್ನುತ್ತಿದ್ದಳು. ಹಾಗೆಂದು ಸುಮ್ಮನೆ ಹೇಳಿದವಳಲ್ಲ. ಅಪ್ಪನ ಎದುರು, ಮೇಜಿನ ಆಚೆ ಬದಿಗೆ ನಿಂತು ಹತ್ತು ವರ್ಷ ಪುಸ್ತಕ ಹೊಲಿದಳು. ಅಪ್ಪ ಹೋಗಿ ಮೂರು ತಿಂಗಳಾಗಿತ್ತು. ಅವತ್ತಿನಿಂದ ಅವಳು ಊರಿನವರ ಧ್ವನಿಯನ್ನೆಲ್ಲ ಮಾಡಿದ್ದಳು, ಅಪ್ಪನದೊಂದನ್ನು ಬಿಟ್ಟು. ಬರುವುದಿಲ್ಲವೆಂದಲ್ಲ. ಎಲ್ಲಿ ಥೇಟು ಅವರದೇ ಬಂದುಬಿಡುತ್ತದೋ ಎಂಬ ಹೆದರಿಕೆ.

ಈಗ ಮನೆ ಬಿಡಬೇಕಿತ್ತು. ಮಾಲೀಕರು ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದರು. ಗಿಣಿ ಎರಡು ಬೀದಿ ಆಚೆ, ಛಾಪಖಾನೆಯ ಎದುರು ಒಂದು ಕೋಣೆ ಹಿಡಿದಿದ್ದಳು. ಗ್ರಂಥಾಲಯದವರು ನಾನೂರು ಹಳೆಯ ಸಂಪುಟಗಳಿಗೆ ಹೊಸ ರಟ್ಟು ಕಟ್ಟಲು ಅವಳಿಗೇ ಒಪ್ಪಿಸಿದ್ದರು. ಮೊದಲ ಗಾಡಿ ಸೋಮವಾರ ಬರುವುದಿತ್ತು. ಕೋಣೆಯಲ್ಲಿ ಒಂದು ಪ್ಲೈವುಡ್ ಮೇಜು ಹಾಕಿ ನೋಡಿದಳು. ಪುಸ್ತಕ ಒತ್ತುವ ಪ್ರೆಸ್ಸನ್ನು ಅದಕ್ಕೆ ಬಿಗಿದು ಹಿಡಿ ತಿರುಗಿಸಿದರೆ ಹಿಡಿ ನಿಂತಲ್ಲೇ ನಿಂತು ಮೇಜೇ ತಿರುಗಿತು. ಅಪ್ಪನ ಮೇಜಿಲ್ಲದೆ ಕೆಲಸವಿಲ್ಲ ಎನ್ನುವುದು ಅವಳಿಗೆ ಅವತ್ತೇ ಖಾತ್ರಿಯಾಯಿತು. ಆ ಮೇಜು ಸೋಮವಾರದೊಳಗೆ ಇಡಿಯಾಗಿ ಆ ಕೋಣೆಗೆ ಬರಬೇಕು. ಬಂದೇ ಬರಬೇಕು.

ಗುರುವಾರ ಮಧ್ಯಾಹ್ನ ನಾಲ್ವರೂ ಸೇರಿದರು. ದೊಡ್ಡಣ್ಣ ಭೂಮಾಪನ ಕಚೇರಿಯಲ್ಲಿ ಸರ್ವೇಯರು. ಮದುವೆ ಮನೆಗೂ ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡೇ ಹೋಗುವವನು. ಅಕ್ಕ ಆಸ್ಪತ್ರೆಯಲ್ಲಿ ದಾದಿ. ಚಿಕ್ಕಣ್ಣ ಬಸ್ಸು ಓಡಿಸುತ್ತಾನೆ, ಇವತ್ತಿನವರೆಗೆ ಹೊತ್ತಿಗೆ ಸರಿಯಾಗಿ ಎಲ್ಲೂ ಮುಟ್ಟಿದವನಲ್ಲ.

ಅಪ್ಪ ತಮ್ಮ ಸಾಮಾನು ಯಾರಿಗೆ ಯಾವುದೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ನೀಲಿ ಬಟ್ಟೆಯ ರಟ್ಟು, ತಮ್ಮ ಕೈಯದೇ ಹೊಲಿಗೆ. ಆದರೆ ಬರೆಯುವುದರಲ್ಲಿ ಅಪ್ಪ ಜಿಪುಣರು. ಪುಸ್ತಕದ ಬೆನ್ನಿನ ಮೇಲೆ ಹೆಸರು ಅಚ್ಚೊತ್ತಿ ಒತ್ತಿ, ಎರಡು ಬೆರಳಿನ ಜಾಗದಲ್ಲಿ ಹಿಡಿಸುವಷ್ಟೇ ಬರೆಯುವುದು ಅವರ ಕೈಗೆ ಅಂಟಿಹೋಗಿತ್ತು. ಒಮ್ಮೆ ಯಾವುದೋ ಕಚೇರಿಯ "ಆಡಳಿತ ವರದಿ" ಬೆನ್ನಿಗೆ ಹಿಡಿಸಲಿಲ್ಲವೆಂದು "ಆಡು ವರದಿ" ಎಂದು ಒತ್ತಿ, ಅದು ಹನ್ನೆರಡು ವರ್ಷ ಪಶುವೈದ್ಯದ ಕಪಾಟಿನಲ್ಲಿ ಕುರಿ ಸಾಕಣೆಯ ಪಕ್ಕ ನಿಂತಿತ್ತು.

ದೊಡ್ಡಣ್ಣ ಕನ್ನಡಕ ಏರಿಸಿ ಓದಿದ. "ಬೀರು: ದೊಡ್ಡವಳು."

ಬೀರು ಸಿಕ್ಕ ಅಕ್ಕ ಒಂದು ನಗೆ ಬೀರಿದಳು.

"ಗೋಡೆ ಗಡಿಯಾರ: ಚಿಕ್ಕವನು."

"ನನಗ್ಯಾಕಪ್ಪ ಗಡಿಯಾರ?" ಎಂದ ಚಿಕ್ಕಣ್ಣ.

"ಯಾಕೆ ಅಂತ ನಿನ್ನ ಬಸ್ಸಿಗೆ ಕಾಯೋರನ್ನ ಕೇಳು," ಎಂದಳು ಅಕ್ಕ.

"ಒರಗು ಕುರ್ಚಿ: ದೊಡ್ಡವನು." ಅದನ್ನು ಓದಿ ದೊಡ್ಡಣ್ಣ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡ. ಹುಟ್ಟಿದಾಗಿನಿಂದ ಅವನು ಒರಗಿದ್ದನ್ನು ಯಾರೂ ನೋಡಿರಲಿಲ್ಲ. ಆಮೇಲೆ ಹಾಳೆ ತಿರುವಿದ. "ಮೇಜು: ನಾಲ್ವರಿಗೂ ಕಾಲು. ಉಳಿದದ್ದು: ಗಿಣಿ. ಅಷ್ಟೇ, ಮುಗೀತು."

ಉಳಿದದ್ದೆಂದರೆ ದಬ್ಬಳ, ದಾರದುಂಡೆ, ಅಂಟಿನ ಪಾತ್ರೆ, ತುಕ್ಕು ಹಿಡಿದ ಪ್ರೆಸ್ಸು ಮತ್ತು ಮಂಚದ ಕೆಳಗೆ ತುಂಬಿದ್ದ ರಟ್ಟಿನ ಚೂರು.

"ಒಟ್ನಲ್ಲಿ ಕಸ," ಎಂದ ಚಿಕ್ಕಣ್ಣ. "ಗಿಣೀ, ಈ ಮನೆಯ ಸಮಸ್ತ ಕಸ ನಿನ್ನದೇ. ಅನುಭವಿಸು."

ಎಲ್ಲರೂ ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ದೊಡ್ಡಣ್ಣನ ಜೇಬಿನಿಂದ ಅಳತೆಪಟ್ಟಿ ಸರ್‍ರನೆ ಹೊರಬಿತ್ತು. ಅವನು ಮೇಜನ್ನು ಉದ್ದಕ್ಕೆ ಅಳೆದ, ಅಡ್ಡಕ್ಕೆ ಅಳೆದ, ನಡುವಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ, ಅದಕ್ಕೆ ಅಡ್ಡಲಾಗಿ ಇನ್ನೊಂದು.

"ಅಣ್ಣ, ಏನು ಮಾಡ್ತಿದೀಯ?" ಎಂದಳು ಗಿಣಿ.

"ಕಾಲು ಅಂದ್ರೆ ಕಾಲು. ನಾಲ್ಕರಲ್ಲಿ ಒಂದು. ತಲೆಗೆ ನಾಲ್ಕಡಿ ಉದ್ದ, ಎರಡಡಿ ಅಗಲ. ಭಾನುವಾರ ಒಂಬತ್ತಕ್ಕೆ ಬಡಗಿ ಗರಗಸ ತಗೊಂಡು ಬರ್ತಾನೆ. ಒಂಬತ್ತು ಅಂದ್ರೆ ಒಂಬತ್ತು."

"ಇದು ಹೊಲ ಅಲ್ಲಣ್ಣ."

"ಅಳತೆಗೆ ಹೊಲ ಆದ್ರೇನು, ಹಲಗೆ ಆದ್ರೇನು."

"ಸೋಮವಾರದಿಂದ ನಾನು ಇದರ ಮೇಲೇ ಕೆಲಸ ಮಾಡ್ಬೇಕು."

"ಮಾಡು. ಬೇಡ ಅಂದೋರು ಯಾರು. ನನ್ನ ಪಾಲೂ ನಿನಗೇ ಕೊಡ್ತೀನಿ."

ಕೋಣೆಯಲ್ಲಿ ಮೂವರೂ ಅವನ ಮುಖ ನೋಡಿದರು.

"ನಂದೂ ಕೊಡ್ತೀನಿ," ಎಂದಳು ಅಕ್ಕ. "ಇವನೂ ಕೊಡ್ತಾನೆ. ಎಲ್ಲಾ ಅವಳಿಗೇ ಅಂದ ಮೇಲೆ ಕೊಯ್ಯೋದು ಯಾವ ಸಂಪತ್ತಿಗೆ?"

"ಕೊಯ್ಯದೆ ಕೊಡೋದು ಹೇಗೆ? ನಂದು ಯಾವುದು ಅಂತ ನನಗೆ ಗೊತ್ತಾಗ್ಬೇಕು ತಾನೆ. ಮೊದಲು ಪಾಲು, ಆಮೇಲೆ ದಾನ."

"ನಾಲ್ಕು ತುಂಡು ಇಟ್ಕೊಂಡು ನಾನು ಏನು ಮಾಡ್ಲಿ, ಅಣ್ಣ?" ಎಂದಳು ಗಿಣಿ. "ಒಂದೊಂದು ತುಂಡಿಗೂ ಒಂದೊಂದೇ ಕಾಲು. ಗೋಡೆಗೆ ಒರಗಿಸಿ ಕುಂಟಾಟ ಆಡಿಸ್ಲಾ?"

"ಅಪ್ಪ ಬರೆದಿದಾರೆ," ಎಂದ ದೊಡ್ಡಣ್ಣ. ಅದೇ ಅವನ ಕೊನೆಯ ಮಾತು.

ಗಿಣಿ ಬಿಡಲಿಲ್ಲ. ಅವನು ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆಯೇ ಹೋಗಿ ನಿಂತಳು. "ಅಪ್ಪ ಮೇಜು ಕೊಯ್ಸಿ ಅಂತ ಬರೀತಾರಾ? ಎಲ್ರೂ ಸೇರಿ ಇಟ್ಕೊಳ್ಳಿ ಅಂತ ಇರ್ಬಹುದಲ್ವಾ?"

ದೊಡ್ಡಣ್ಣ ಚಪ್ಪಲಿ ಬಿಟ್ಟು ತಲೆಯೆತ್ತಿದ. "ನೋಡು ಗಿಣಿ. ದಾಖಲೇಲಿ ಬರೆದಿರೋದನ್ನ ಬಿಡಬಾರದು, ಬರೆಯದೇ ಇರೋದನ್ನ ಸೇರಿಸಬಾರದು. ಇದು ನನ್ನ ಇಪ್ಪತ್ತಾರು ವರ್ಷದ ನಿಯಮ. ಹೋದ ವಾರ ಒಂದು ಬದು ಅಳೆಯೋಕೆ ಹೋಗಿದ್ದೆ. ಇಬ್ರು ಅಣ್ಣತಮ್ಮಂದಿರು. ಹನ್ನೊಂದು ವರ್ಷದಿಂದ ಮಾತಿಲ್ಲ. ಯಾಕೆ ಗೊತ್ತಾ? ಅವರಪ್ಪ ಬರೆದದ್ದು ಹೀಗೆ ಇರ್ಬಹುದು, ಹಾಗೆ ಇರ್ಬಹುದು ಅಂತ ಯಾರೋ ಒಳ್ಳೆ ಮನಸ್ಸಿಂದ ಹೇಳಿದ್ರು. ನಮ್ಮ ಮನೇಲಿ ಅದು ಆಗ್ಬಾರ್ದು." ಎರಡು ಹೆಜ್ಜೆ ಹೋದವನು ತಿರುಗಿ ನಿಂತ. "ಇನ್ನೊಂದು ಮಾತು. ಅಪ್ಪನ ಧ್ವನೀಲಿ ಏನಾದ್ರೂ ಹೇಳಿ ನನ್ನನ್ನ ಒಪ್ಪಿಸೋಕೆ ಬರಬೇಡ. ನಾನು ತಡಕೊಳ್ಳಲ್ಲ."

"ಅಪ್ಪನ ಧ್ವನಿ ಮಾಡಲ್ಲ," ಎಂದಳು ಗಿಣಿ. ಆ ಮಾತಿಗೆ ತಪ್ಪಬಾರದೆಂದು ಅಲ್ಲೇ ನಿರ್ಧರಿಸಿದಳು. ಮೇಜು ಇಡಿಯಾಗಿ ಉಳಿಯಬೇಕೆಂಬ ನಿರ್ಧಾರವಂತೂ ಮೊದಲೇ ಆಗಿತ್ತು. ಎರಡರ ನಡುವೆ ದಾರಿ ಹುಡುಕುವುದಷ್ಟೇ ಬಾಕಿ.

ಶುಕ್ರವಾರ ಅವಳು ಮೇಜಿನ ಕೆಳಗೆ ಚಾಪೆ ಹಾಸಿ ಮಲಗಿ ಯೋಚಿಸಿದಳು. ಕೋಪವಲ್ಲ ಅವಳನ್ನು ಕಾಡಿದ್ದು. ದೊಡ್ಡಣ್ಣ ಕಾಲು ಕೆದರಿ ಜಗಳಕ್ಕೆ ಬಂದವನಾಗಿದ್ದರೆ ಅವನ ಕಚೇರಿಯ ಸಾಹೇಬರ ಧ್ವನಿಯಲ್ಲಿ ದೂರದೂರಿಗೆ ವರ್ಗ ಮಾಡಿ ಬಿಸಾಡುತ್ತಿದ್ದಳು. ಆದರೆ ಅವನು ಅಪ್ಪನ ಮಾತನ್ನು ಕಾಯುತ್ತಿದ್ದ. ಅವನನ್ನು ಸೋಲಿಸಬಾರದು. ಅವನ ನಿಯಮ ಮುರಿಯಲೂ ಬಾರದು. ಬರೆದಿರೋದನ್ನ ಬಿಡಬಾರದು, ಬರೆಯದೇ ಇರೋದನ್ನ ಸೇರಿಸಬಾರದು. ಅವನದೇ ಧ್ವನಿಯಲ್ಲಿ ನಾಲ್ಕು ಸಲ ಹೇಳಿಕೊಂಡಳು. ಐದನೇ ಸಲ ಹೇಳುತ್ತ ಮಗ್ಗುಲು ತಿರುಗಿದಳು, ಹಣೆ ಠಪ್ಪೆಂದು ಮೇಜಿನ ಕಾಲಿಗೆ ಬಡಿಯಿತು.

"ಅಯ್ಯೋ, ಕಾಲು," ಎಂದಳು.

ಹಣೆ ಉಜ್ಜಿಕೊಳ್ಳುತ್ತ ಎದ್ದು ಕೂತಳು. ಮತ್ತೆ ಮೆಲ್ಲಗೆ ಹೇಳಿದಳು, "ಕಾಲು." ಮೇಜಿನ ನಾಲ್ಕು ಮೂಲೆಯನ್ನೂ ಒಂದೊಂದಾಗಿ ನೋಡಿದಳು. ನೋಟುಪುಸ್ತಕ ತಂದು ಹಾಳೆ ಬಿಡಿಸಿದಳು. ನಾಲ್ವರಿಗೂ ಕಾಲು. ಭಾಗ ಎಂದಿಲ್ಲ, ಪಾಲು ಎಂದಿಲ್ಲ. ಅದರ ಮುಂದೆ ಅರ್ಧ ಸಾಲು ಖಾಲಿಯೇ ಇತ್ತು, ಬರೆಯಬೇಕೆಂದಿದ್ದರೆ ಜಾಗಕ್ಕೇನೂ ಕೊರತೆಯಿರಲಿಲ್ಲ. ಅದರ ಕೆಳಗಿನ ಸಾಲನ್ನೂ ಓದಿದಳು. ಆಮೇಲೆ ನೋಟುಪುಸ್ತಕ ಮುಚ್ಚಿ, ಬಡಗಿಯ ನಂಬರು ಹುಡುಕಿದಳು.

ದೊಡ್ಡಣ್ಣನ ಧ್ವನಿ ಆಳಿಗಿಂತ ಸಣ್ಣದು. ಗಿಣಿ ಅದಕ್ಕೆ ಗಂಟಲಲ್ಲಿ ಒಂದೇ ಮೆಟ್ಟಿಲು ಇಳಿದರೆ ಸಾಕಿತ್ತು. ಮುಖ್ಯ ಧ್ವನಿಯಲ್ಲ, ಮಾತಿನ ಮೊದಲು ಬರುವ ಆ ಒಣ ಕೆಮ್ಮು.

"ಹ್ಞಂ. ಮೇಸ್ತ್ರೀ, ನಾನು ಸರ್ವೇಯರು. ತಂಗಿ ಫೋನಿಂದ ಮಾಡ್ತಿದೀನಿ."

"ಹೇಳಿ ಸಾರ್."

"ಭಾನುವಾರ ಒಂಬತ್ತಕ್ಕಲ್ಲ, ಎಂಟಕ್ಕೆ ಬನ್ನಿ. ಎಂಟು ಅಂದ್ರೆ ಎಂಟು."

"ಆಯ್ತು ಸಾರ್. ದೊಡ್ಡ ಗರಗಸ ಹರಿತ ಮಾಡ್ಸಿ ಇಟ್ಟಿದೀನಿ."

"ಗರಗಸ ಬೇಡ. ಕೊಡತಿ, ಉಳಿ ತನ್ನಿ. ನಾಲ್ಕೂ ಕಾಲು ಬಿಚ್ಚಬೇಕು. ಹಲಗೆಗೆ ಒಂದು ಗೀರೂ ಬೀಳಬಾರದು. ಗೀರು ಅಂದ್ರೆ ಗೀರು."

"ಬೆಣೆ ಹೊಡೆದ ಕಾಲು ಸಾರ್, ಆರಾಮಾಗಿ ಬಿಚ್ಚಬಹುದು. ವಾಪಸ್ ಕೂರಿಸಲೂಬಹುದು. ನಿಜ ಹೇಳ್ಬೇಕಂದ್ರೆ, ಅಂಥಾ ಹಲಗೆ ಕೊಯ್ಯೋಕೆ ನನಗೂ ಮನಸ್ಸಿರಲಿಲ್ಲ. ನೀವು ಬೈತೀರಿ ಅಂತ ಸುಮ್ನಿದ್ದೆ."

"ಹ್ಞಂ. ನಾನು ಯಾರಿಗೂ ಬಯ್ಯಲ್ಲ. ಅಳತೆ ಹೇಳ್ತೀನಿ, ಅಷ್ಟೇ," ಎಂದು ಗಿಣಿ ಫೋನು ಇಟ್ಟಳು. ಇಟ್ಟ ಮೇಲೂ ಅರ್ಧ ನಿಮಿಷ ದೊಡ್ಡಣ್ಣನ ಹಾಗೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಆ ಧ್ವನಿಯಲ್ಲಿ ಇಷ್ಟು ಹೊತ್ತು ಇದ್ದರೆ ಬೆನ್ನು ಹೇಗೆ ನೋಯುತ್ತದೆ ಎನ್ನುವುದು ಅವಳಿಗೆ ಅವತ್ತು ಮೊದಲ ಸಲ ತಿಳಿಯಿತು.

ಭಾನುವಾರ ಎಂಟಕ್ಕೆ ಬಡಗಿ ಬಂದ. ಮೇಜನ್ನು ಮಗುಚಿ ಹಾಕಲು ಅವನ ಜೊತೆ ಎದುರು ಮನೆಯ ಇಬ್ಬರು ಗಟ್ಟಿಗರು ಬೇಕಾದರು. ಬೆಣೆಗಳನ್ನು ಒಂದೊಂದಾಗಿ ಹಿಂದಿನಿಂದ ತಟ್ಟಿ ತಟ್ಟಿ ಹೊರತೆಗೆದ. ಗಿಣಿ ಆ ಬೆಣೆಗಳನ್ನು ಚೀಲದಲ್ಲಿ ಕಟ್ಟಿಟ್ಟಳು. ಹಲಗೆಯನ್ನು ಹಳೆ ಹೊದಿಕೆ ಹಾಸಿ ಗೋಡೆಗೆ ಒರಗಿಸಿದರು. ಕೋಣೆ ಏಕಾಏಕಿ ಮೈದಾನದ ಹಾಗೆ ಕಂಡಿತು. ಆಮೇಲೆ ಗಿಣಿ ಒಂದೊಂದು ಕಾಲನ್ನೂ ಕಂದು ಕಾಗದದಲ್ಲಿ ಸುತ್ತಿ, ಹೊಲಿಗೆ ದಾರದಿಂದ ಕಟ್ಟಿ, ಮೇಲೆ ಪುಸ್ತಕದ ಬೆನ್ನಿಗೆ ಅಂಟಿಸುವಂಥ ಚರ್ಮದ ಚೀಟಿ ಅಂಟಿಸಿದಳು. ಚೀಟಿಗಳ ಮೇಲೆ ಅಪ್ಪನ ಅಚ್ಚಿನಿಂದಲೇ ಒತ್ತಿದ್ದಳು: ದೊಡ್ಡವನು, ದೊಡ್ಡವಳು, ಚಿಕ್ಕವನು, ಗಿಣಿ.

ಒಂಬತ್ತಕ್ಕೆ, ಒಂಬತ್ತೆಂದರೆ ಒಂಬತ್ತಕ್ಕೆ, ದೊಡ್ಡಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಹಿಂದೆ ಅಕ್ಕ. ಆಶ್ಚರ್ಯವೆಂದರೆ ಚಿಕ್ಕಣ್ಣನೂ ಹೊತ್ತಿಗೆ ಸರಿಯಾಗಿ ಬಂದಿದ್ದ, ಹೊಸ ಗಡಿಯಾರದ ಪ್ರಭಾವ. ದೊಡ್ಡಣ್ಣ ಅಭ್ಯಾಸದಂತೆ ಹೊಟ್ಟೆ ಒಳಗೆಳೆದುಕೊಂಡು ಮಗ್ಗುಲಾಗಿ ಒಳಗೆ ಬಂದ. ದಾಟಬೇಕಾದ ಮೇಜು ಅಲ್ಲಿಲ್ಲವೆಂದು ನಾಲ್ಕನೇ ಹೆಜ್ಜೆಗೆ ತಿಳಿಯಿತು.

"ಇದೇನಿದು?"

"ನೀವು ಹೇಳಿದ ಹಾಗೇ ಸಾರ್," ಎಂದ ಬಡಗಿ ಹೆಮ್ಮೆಯಿಂದ. "ಒಂದು ಹೊಸ ಗೀರೂ ಇಲ್ಲ. ಗೀರು ಅಂದ್ರೆ ಗೀರು."

"ನಾನು ಯಾವಾಗ ಹೇಳ್ದೆ?"

"ಶುಕ್ರವಾರ ಸಾರ್. ಫೋನಲ್ಲಿ. ಮೊದಲು ಕೆಮ್ಮಿದ್ರಿ."

ದೊಡ್ಡಣ್ಣ ನಿಧಾನವಾಗಿ ಗಿಣಿಯ ಕಡೆ ತಿರುಗಿದ. ಅಕ್ಕ ಚಿಕ್ಕಣ್ಣನ ತೋಳು ಹಿಡಿದುಕೊಂಡಳು. ಕಾಲಿಗೆ ಬುದ್ಧಿ ಹೇಳುವುದಾದರೆ ಅದೇ ಸರಿಯಾದ ಹೊತ್ತಾಗಿತ್ತು. ಗಿಣಿ ಕದಲಲಿಲ್ಲ.

"ಫೋನ್ ಮಾಡಿದ್ದು ನಾನು," ಎಂದಳು. "ನಿನ್ನ ಧ್ವನೀಲಿ. ಅಪ್ಪನ ಧ್ವನಿ ಮಾಡಲ್ಲ ಅಂದಿದ್ದೆ, ಮಾಡಿಲ್ಲ. ಬೈಯೋದಿದ್ರೆ ಆಮೇಲೆ ಬೈ. ಮೊದಲು ನಿನ್ನ ಪಾಲು ತಗೋ." ಕಂದು ಕಾಗದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಎದೆಗೆ ಒರಗಿಸಿದಳು. ಅದರ ಭಾರಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಅಕ್ಕನಿಗೊಂದು ಕೊಟ್ಟಳು, ಚಿಕ್ಕಣ್ಣನಿಗೊಂದು ಕೊಟ್ಟಳು, ತನ್ನದನ್ನು ಮುಂದೆ ನಿಲ್ಲಿಸಿಕೊಂಡಳು. "ಮೇಜು: ನಾಲ್ವರಿಗೂ ಕಾಲು."

ಚಿಕ್ಕಣ್ಣ ಕಾಗದದ ತುದಿ ಹರಿದು ಇಣುಕಿದ. "ಹೌದಲ್ಲೋ. ಕಾಲೇ."

"ಹುಚ್ಚಾಟ," ಎಂದ ದೊಡ್ಡಣ್ಣ. "ಕಾಲು ಅಂದ್ರೆ ಕಾಲು ಭಾಗ."

"ಭಾಗ ಅಂತ ಎಲ್ಲಿದೆ, ತೋರ್ಸು." ಗಿಣಿ ನೋಟುಪುಸ್ತಕ ಮುಂದೆ ಹಿಡಿದಳು. "ಬರೆದಿರೋದನ್ನ ಬಿಡಬಾರದು, ಬರೆಯದೇ ಇರೋದನ್ನ ಸೇರಿಸಬಾರದು. ಕಾಲು ಅಂದ್ರೆ ಕಾಲು, ಅಣ್ಣ."

ದೊಡ್ಡಣ್ಣ ಮೇಜಿನ ಕಾಲನ್ನು ಕಂಕುಳಲ್ಲಿ ಇರುಕಿಕೊಂಡು ಕನ್ನಡಕ ಏರಿಸಿದ. ಸಾಲನ್ನು ಓದಿದ. ಮುಂದಿನ ಖಾಲಿ ಜಾಗಕ್ಕೆ ಅಳತೆಪಟ್ಟಿ ಹಿಡಿದ. ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದಲೂ ನೋಡಿದ. ಬಡಗಿ ಉಳಿಯನ್ನು ಅಂಗೈ ಮೇಲೆ ತಟ್ಟುತ್ತ ನಿಂತಿದ್ದ.

"ಒಂದೂಮುಕ್ಕಾಲು ಅಂಗುಲ ಜಾಗ ಇದೆ," ಎಂದ ಕೊನೆಗೆ. "ಭಾಗ ಅಂತ ಬರೆಯಬಹುದಿತ್ತು."

"ಬರೆದಿಲ್ಲ."

"ಬರೆದಿಲ್ಲ," ಎಂದು ಒಪ್ಪಿದ. ಒಪ್ಪಿದ್ದು ಮುಖದಲ್ಲಿ ಕಾಣುವ ಮೊದಲೇ ಅವನೊಳಗಿನ ಸರ್ವೇಯರು ಎಚ್ಚೆತ್ತುಕೊಂಡ. "ಸರಿ. ಕಾಲು ನಾಲ್ವರಿಗೆ. ಹಾಗಾದ್ರೆ ಆ ಹಲಗೆ ಯಾರಿಗೆ? ಅದನ್ನ ಅಪ್ಪ ಬರೆದೇ ಇಲ್ವಲ್ಲ. ಈಗ ಅದನ್ನ ಕೊಯ್ಯಲೇಬೇಕು."

ಗಿಣಿ ಇದೊಂದೇ ಪ್ರಶ್ನೆಗೆ ಶುಕ್ರವಾರದಿಂದ ಕಾಯುತ್ತಿದ್ದಳು. ಅಪ್ಪನ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

ದೊಡ್ಡಣ್ಣ ಓದಿದ. "ಉಳಿದದ್ದು: ಗಿಣಿ."

"ಒಟ್ನಲ್ಲಿ ಕಸ," ಎಂದಳು ಗಿಣಿ, ಚಿಕ್ಕಣ್ಣನ ಧ್ವನಿಯಲ್ಲಿ. "ಈ ಮನೆಯ ಸಮಸ್ತ ಕಸ ನಂದೇ. ಅನುಭವಿಸ್ತೀನಿ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಚಿಕ್ಕಣ್ಣ ಮುಚ್ಚುಮರೆಯಿಲ್ಲದೆ ನಕ್ಕು, ತನ್ನ ಕಾಲನ್ನು ತಂದು ಗಿಣಿಯ ಕಾಲಿನ ಪಕ್ಕ ನಿಲ್ಲಿಸಿದ. "ನಂದು ಇಟ್ಕೋ ಮಾರಾಯ್ತಿ. ಗಡಿಯಾರದ ಜೊತೆ ಇದನ್ನೂ ಹೊತ್ಕೊಂಡು ನಾನು ಎಲ್ಲಿಗೆ ಹೋಗ್ಲಿ." ಅಕ್ಕನೂ ತನ್ನದನ್ನು ತಂದಿಟ್ಟಳು.

"ಮುಕ್ಕಾಲು ಆಯ್ತು," ಎಂದ ಬಡಗಿ, ಯಾರೂ ಕೇಳದಿದ್ದರೂ.

ಉಳಿದದ್ದು ಒಂದೇ, ದೊಡ್ಡಣ್ಣನ ಕಂಕುಳಲ್ಲಿ. ಅವನು ಅದನ್ನು ಬಿಡಲಿಲ್ಲ. ಕಾಗದ ಬಿಚ್ಚಿ ನೋಡುತ್ತಿದ್ದ. ಮೊಣಕಾಲೆತ್ತರಕ್ಕೆ ಒಂದು ಕಡೆ ಬಣ್ಣ ಹೋಗಿ ಮರ ನುಣುಪಾಗಿತ್ತು. ಪುಟ್ಟ ಕೈಯೊಂದು ದಿನಕ್ಕೆ ಹತ್ತು ಸಲ ಹಿಡಿದು ಎದ್ದು ನಿಂತರೆ ಆಗುವಂಥ ನುಣುಪು. ನಾಲ್ಕೂ ಕಾಲಿಗೆ ಅದಿತ್ತು. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು.

"ಅಪ್ಪ ನಿಜವಾಗ್ಲೂ ಯಾವ ಕಾಲು ಅಂದ್ಕೊಂಡು ಬರೆದ್ರೋ," ಎಂದ ದೊಡ್ಡಣ್ಣ, ಕಾಲಿಗೆ ಹೇಳುವವನ ಹಾಗೆ.

"ನನಗೂ ಗೊತ್ತಿಲ್ಲಣ್ಣ," ಎಂದಳು ಗಿಣಿ. ಈ ಸಲ ಯಾರ ಧ್ವನಿಯೂ ಇಲ್ಲ, ಅವಳದೇ. "ಗೊತ್ತಿದೆ ಅಂತ ಸುಳ್ಳು ಹೇಳಲ್ಲ. ಆದ್ರೆ ನಾಳೆ ಬೆಳಿಗ್ಗೆ ಗಾಡಿ ಬರುತ್ತೆ. ಮೂರು ಕಾಲಲ್ಲಿ ಮೇಜು ನಿಲ್ಲಲ್ಲ. ನಂಗೆ ಆ ಮೇಜು ನಿಲ್ಲಬೇಕು." ಅವಳು ಮುಂದೆ ಬಂದು, ಬಗ್ಗಿ, ಅವನ ಕಂಕುಳಿನಿಂದ ಮೊಣಕಾಲಿನವರೆಗೆ ಇಳಿಬಿದ್ದಿದ್ದ ಮರದ ಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. "ಅಣ್ಣ, ನಿನ್ನ ಕಾಲು ಹಿಡ್ಕೊಂಡು ಕೇಳ್ತೀನಿ."

ದೊಡ್ಡಣ್ಣ ಕೆಳಗೆ ನೋಡಿದ. ತಂಗಿಯ ಕೈ ನೋಡಿದ, ಕಾಲು ನೋಡಿದ, ತನ್ನ ಸ್ವಂತ ಕಾಲನ್ನೂ ಒಮ್ಮೆ ನೋಡಿಕೊಂಡ. ಮೂಗಿನಿಂದ ಒಂದು ಸದ್ದು ಬಂತು. ಕೆಮ್ಮೆಂದು ಎಲ್ಲರೂ ಅಂದುಕೊಂಡರು. ಎರಡನೆಯದು ಬಂದಾಗ ಅವನ ಭುಜ ಕುಲುಕತೊಡಗಿತು. ಮೂರನೆಯದಕ್ಕೆ ಅವನು ಗೋಡೆ ಹಿಡಿದುಕೊಳ್ಳಬೇಕಾಯಿತು. ಗಿಣಿ ಬದುಕಿನಲ್ಲಿ ಎಂದೂ ಅನುಕರಿಸಿರದ ಸದ್ದೊಂದು ಅಣ್ಣನ ಹೊಟ್ಟೆಯಿಂದ ಹೊರಟು ಖಾಲಿ ಕೋಣೆಯಲ್ಲಿ ಸುತ್ತಿತು. ಅವಳು ಅನುಕರಿಸಿರಲಿಲ್ಲ ಏಕೆಂದರೆ ಕೇಳಿರಲಿಲ್ಲ.

"ಇಷ್ಟು ವರ್ಷ ನೀನು ಬರೀ ಕಾ... ಕಾಲು ಎಳೀತಿದ್ದೆ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಇವತ್ತು ಕಿತ್ತೇ ಬಿಟ್ಯಲ್ಲೇ."

"ಕೊಡ್ತೀಯಾ?"

"ಕೊಡಲ್ಲ. ಅಪ್ಪ ನನಗೆ ಅಂತ ಬರೆದಿರೋದು." ಅವನು ಉಸಿರು ತೆಗೆದುಕೊಂಡ. "ನಿನ್ನ ಕೋಣೇಲಿ ಇಟ್ಟಿರ್ತೀನಿ. ಪ್ರತಿ ಭಾನುವಾರ ಬಂದು ಇದೆಯೋ ಇಲ್ವೋ ನೋಡ್ತೀನಿ. ಭಾನುವಾರ ಅಂದ್ರೆ ಭಾನುವಾರ."

ಮಧ್ಯಾಹ್ನದ ಹೊತ್ತಿಗೆ ಹಲಗೆ ತಳ್ಳುಗಾಡಿಯ ಮೇಲೆ ಎರಡು ಬೀದಿ ದಾಟಿತು. ಹಿಂದೆ ನಾಲ್ವರೂ ತಮ್ಮ ತಮ್ಮ ಕಾಲನ್ನು ಹೆಗಲಿಗೆ ಏರಿಸಿಕೊಂಡು ಸಾಲಾಗಿ ನಡೆದರು. ಎಂಟು ಕಾಲಲ್ಲಿ ನಡೆದು ನಾಲ್ಕು ಕಾಲು ಮುಟ್ಟಿಸಿದರು ಎಂದು ಚಿಕ್ಕಣ್ಣ ಲೆಕ್ಕ ಹಾಕಿದ. ಬಡಗಿ ಕೋಣೆಯಲ್ಲಿ ಬೆಣೆಗಳನ್ನು ಮತ್ತೆ ಕೂರಿಸಿದ. ದೊಡ್ಡಣ್ಣ ರಸಮಟ್ಟ ಇಟ್ಟು ನಾಲ್ಕು ಮೂಲೆಯನ್ನೂ ಪರೀಕ್ಷಿಸಿದ. ಗುಳ್ಳೆ ನಡುವಿನ ಗೆರೆಯಿಂದ ಕದಲಲಿಲ್ಲ. ಗಿಣಿ ಪ್ರೆಸ್ಸನ್ನು ಮೇಜಿಗೆ ಬಿಗಿದು, ಹಿಡಿಯನ್ನು ಮೈಯ ಬಲವೆಲ್ಲ ಹಾಕಿ ತಿರುಗಿಸಿದಳು. ಮೇಜು ತಿರುಗಲಿಲ್ಲ, ಹಿಡಿ ತಿರುಗಿತು. ಅವಳು ಎರಡು ರಟ್ಟಿನ ನಡುವೆ ಅಪ್ಪನ ನೋಟುಪುಸ್ತಕವನ್ನಿಟ್ಟು ಒತ್ತಿದಳು. ಅಷ್ಟೆಲ್ಲ ಕೈ ಬದಲಾಗಿ ಅದರ ಮೂಲೆ ಮಡಚಿತ್ತು.

ದಣಿದ ಚಿಕ್ಕಣ್ಣ ಮೇಜಿಗೆ ಒರಗಿದ.

"ಮೆಲ್ಲಗೋ, ಪುಸ್ತಕ ಮಲಗಿದೆ."

ಮೂವರೂ ಗಿಣಿಯ ಕಡೆ ನೋಡಿದರು. ಥೇಟು ಅಪ್ಪನದೇ ಧ್ವನಿ.

"ನಾನಲ್ಲ," ಎಂದಳು ಗಿಣಿ.

ಅವಳಲ್ಲ. ಹೇಳಿದ್ದು ದೊಡ್ಡಣ್ಣ, ಹೇಳಿದ್ದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾದಾಗ ರಸಮಟ್ಟ ಕೈಯಲ್ಲೇ ಉಳಿಯಿತು. ಅಕ್ಕ ಒಮ್ಮೆ ಕಿಟಕಿಯ ಕಡೆ ತಿರುಗಿ, ಮತ್ತೆ ಇತ್ತ ತಿರುಗಿದಳು.

ಇದೊಂದರ ತಲೆಬುಡವೂ ತಿಳಿಯದೆ ನಿಂತವನು ಬಡಗಿ ಮಾತ್ರ. ಉಳಿ, ಕೊಡತಿ ಚೀಲಕ್ಕೆ ಹಾಕಿಕೊಂಡು ಹೊರಡುವ ಮುಂಚೆ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟ. "ಸಾರ್, ಒಂದು ಅನುಮಾನ. ಇನ್ಮುಂದೆ ನಿಮ್ಮ ಫೋನ್ ಬಂದ್ರೆ, ಅದು ನೀವೋ ನಿಮ್ಮ ತಂಗೀನೋ ಅಂತ ನನಗೆ ಗೊತ್ತಾಗೋದು ಹೇಗೆ?"

"ಸುಲಭ," ಎಂದ ದೊಡ್ಡಣ್ಣ ಗಂಭೀರವಾಗಿ. "ಮಾತಾಡ್ತಾ ನಗು ಬಂದ್ರೆ ಅದು ಅವಳು. ನಾನು ನಗಲ್ಲ." ಹೇಳಿ ಮುಗಿಸುವುದರೊಳಗೆ ಮೂಗಿನಿಂದ ಆ ಸದ್ದು ಮತ್ತೆ ಹೊರಟಿತ್ತು.

ಬಡಗಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹಾಗಾದ್ರೆ ಈಗ ನೀವು ಯಾರು ಸಾರ್?"

ಅಕ್ಕ ನಕ್ಕಳು, ಚಿಕ್ಕಣ್ಣ ನಕ್ಕ, ಗಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಬೀದಿಯಾಚೆಯ ಛಾಪಖಾನೆಯವರು ಯಂತ್ರ ನಿಲ್ಲಿಸಿ ಕಿಟಕಿಗೆ ಬಂದು ನೋಡಿದ್ದು, ಹೊಸ ಕೋಣೆಯಲ್ಲಿ ತನ್ನ ಪಾಲಿನ ಕಾಲನ್ನು ಹಿಡಿದುಕೊಂಡು ನೆಲಕ್ಕೆ ಕುಸಿದು ಕೂತು, ಬೆನ್ನನ್ನು ಪೂರ್ತಿಯಾಗಿ ಮೇಜಿಗೆ ಒರಗಿಸಿ, ಉಳಿದ ಮೂವರ ನಗುವನ್ನೂ ಮುಳುಗಿಸಿ ನಗುತ್ತಿದ್ದ ದೊಡ್ಡಣ್ಣನನ್ನು.